ದೊಡ್ಡ ಹಗ್ಗ ಬಿಚ್ಚಿದ ವರ್ಷ

ಈ ಕಥೆ ಹೇಳಲು ನಾನು ತಕ್ಕವಳಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಗ್ಗದ ಕಾರ್ಖಾನೆಯಲ್ಲಿ ಹಗ್ಗದ ತುಂಡಿಗೆ ಕಲ್ಲು ತೂಗಿಬಿಟ್ಟು, ಎಷ್ಟು ಕಲ್ಲಿಗೆ ಹರಿಯುತ್ತದೆಂದು ನೋಡುವುದು ನನ್ನ ಕೆಲಸ. ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ಒಂದು ವಾಕ್ಯ ಬರೆದರೆ ಅದನ್ನು ಮೂರು ಸಲ ಓದಿ ನೋಡದೆ ಮುಂದಿನದಕ್ಕೆ ಕೈ ಹೋಗುವುದಿಲ್ಲ, ಹಾಗೆ ನೋಡಿದರೂ ತಪ್ಪು ಉಳಿದಿರುತ್ತದೆ. ನನಗಿಂತ ಚೆನ್ನಾಗಿ ಇದನ್ನು ಹೇಳಬಲ್ಲವರು ಇಪ್ಪತ್ತೆರಡು ಮಂದಿ ಇದ್ದಾರೆ. ಅವರಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಖಚಿತವಾದ ಮೇಲೆಯೇ ನಾನು ಬರೆಯಲು ಕೂತದ್ದು.

ನಮ್ಮ ಊರನ್ನು ಒಂದು ಕೊಳ್ಳ ಎರಡು ಮಾಡಿದೆ. ಈ ಬದಿಗೆ ಮನೆಗಳು, ಸಂತೆ, ಕಾರ್ಖಾನೆ. ಆ ಬದಿಗೆ ಹೊಲ, ಶಾಲೆ, ಹೆರಿಗೆ ಮನೆ. ಸೇತುವೆ ಇಲ್ಲ. ಒಂದು ದೊಡ್ಡ ಹಗ್ಗ, ಹಗ್ಗದ ಮೇಲೆ ಓಡುವ ಗಾಲಿ, ಗಾಲಿಗೆ ಜೋತುಬಿದ್ದ ಬುಟ್ಟಿ, ಅಷ್ಟೇ. ಮೂರು ವರ್ಷಕ್ಕೊಮ್ಮೆ ದೊಡ್ಡ ಹಗ್ಗವನ್ನು ಬದಲಿಸುತ್ತೇವೆ. ಹೊಸೆಯುವವರು ನಾವು, ಇಪ್ಪತ್ತಮೂರು ಜನ. ಈ ಇಪ್ಪತ್ತಮೂರರಲ್ಲಿ ಒಬ್ಬರು ಮುಂದಾಳು. ಯಾರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂ ಕೂಡದು.

ಪ್ರತಿ ವರ್ಷ ಹೊಸ ನಾರಿನ ಬಂಡಿಗಳು ಬಂದ ದಿನ ಊರ ಹಿರಿಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಮಗೆ ಒಂದೊಂದು ಮುಚ್ಚಿದ ಲಕೋಟೆ ಕೊಡುತ್ತಾರೆ. ಇಪ್ಪತ್ತೆರಡರಲ್ಲಿ ಖಾಲಿ ಹಾಳೆ ಇರುತ್ತದೆ. ಒಂದರಲ್ಲಿ ಕೆಂಪು ಮಸಿಯಲ್ಲಿ ಬರೆದ ಗಂಟು, ಅದು ಬಂದವರೇ ಆ ವರ್ಷದ ಮುಂದಾಳು. ಮನೆಗೆ ಹೋಗಿ ಒಬ್ಬರೇ ಬಿಚ್ಚಿ ನೋಡಿ ಒಲೆಗೆ ಹಾಕಬೇಕು. ನಾನು ನನ್ನ ಖಾಲಿ ಹಾಳೆಯನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಒದ್ದೆ ಬೆರಳಿನಿಂದ ಸವರಿ, ಕೊನೆಗೆ ಸುಡುತ್ತೇನೆ. ಸುಟ್ಟ ಮೇಲೆ, ಸರಿಯಾಗಿ ನೋಡಿದೆನೇ ಎಂಬ ಚಿಂತೆ ಒಂದು ವಾರ ಇರುತ್ತದೆ.

ಅಂದಿನಿಂದ ದಿನವೂ ಊಟವಾದ ಮೇಲೆ ಒಬ್ಬೊಬ್ಬರೇ ಚೀಟಿಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಒಳಗೆ ಒಂದು ಮೇಜು, ಕಾಗದದ ತುಂಡುಗಳು, ಮಸಿ, ಹಗ್ಗದ ಸಿಂಬಿಗಳಿಗೆ ಹೆಸರು ಒತ್ತಲು ಇಟ್ಟ ತಗಡಿನ ಅಕ್ಷರಗಳು, ಸಣ್ಣ ಕಿಂಡಿಯ ಒಂದು ಪೆಟ್ಟಿಗೆ. ಮುಂದಾಳಾದವರು ನಾಳೆಯ ಅಪ್ಪಣೆಯನ್ನು ತಗಡಿನ ಅಕ್ಷರದಲ್ಲಿ ಒತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಉಳಿದವರು ಬರೀ ಕಾಗದ ಮಡಚಿ ಹಾಕುತ್ತಾರೆ. ಮರಳ ಗಡಿಯಾರ ಬರಿದಾಗುವ ತನಕ ಎಲ್ಲರೂ ಒಳಗೇ ಇರಬೇಕು, ಬೇಗ ಹೊರಗೆ ಬಂದವರು ಮುಂದಾಳಲ್ಲ ಎಂದು ಯಾರೂ ಲೆಕ್ಕ ಹಾಕಬಾರದಲ್ಲ. ಮೂರನೆಯ ರಾಟೆಯ ದ್ಯಾಮಣ್ಣ ಆ ಹೊತ್ತಿನಲ್ಲಿ ಒಂದು ಗೊರಕೆ ಹೊಡೆದು ಬರುತ್ತಿದ್ದ. ಹುರಿ ಕೂಡಿಸುವ ಹಿರಿಯ ಕೆಲಸಗಾರ ಶಿವಪುತ್ರಪ್ಪ ಮೀಸೆ ಬಾಚಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಬಿಳಿ ಕೂದಲು ಬಿದ್ದಿರುತ್ತಿದ್ದವು. ಬೆಳಿಗ್ಗೆ ಕಸ ಗುಡಿಸುವ ಕರೆವ್ವ ಪೆಟ್ಟಿಗೆ ತೆರೆದು, ಬರೆದ ಚೀಟಿಯನ್ನು ಹಲಗೆಗೆ ಅಂಟಿಸುತ್ತಿದ್ದಳು. ಕರೆವ್ವನಿಗೆ ಓದು ಬಾರದು, ಆದ್ದರಿಂದಲೇ ಆ ಕೆಲಸ ಅವಳಿಗೆ.

ಮುಂದಾಳು ಯಾರೆಂದು ಕೇಳಿದವರು ಅಂದೇ ಕೆಲಸ ಬಿಡಬೇಕು. ಮುಂದಾಳಲ್ಲದವರು ಚೀಟಿ ಬರೆದರೆ ಬುಟ್ಟಿಯಲ್ಲಿ ಕೊಳ್ಳದ ಆಚೆಗೆ ಕಳಿಸುತ್ತಾರೆ, ಮತ್ತೆ ಈಚೆಗೆ ಬರುವಂತಿಲ್ಲ. ಹಾಗೆ ಹೋದವರನ್ನು ನಾನು ಕಂಡಿಲ್ಲ. ಆದರೆ ಆಚೆ ಬದಿಯ ಹೊಲದಲ್ಲಿ ದೂರಕ್ಕೆ ಯಾರಾದರೂ ಒಬ್ಬರೇ ನಿಂತದ್ದು ಕಂಡರೆ ಅವರೇ ಇರಬಹುದೇ ಎಂದು ನೋಡುತ್ತೇನೆ.

ನಾನು ಹೇಳಹೊರಟದ್ದು ಮೂರು ವರ್ಷದ ಮಾತು. ಮೊದಲ ವರ್ಷದ ಮುಂದಾಳು ಬಿರುಸು. ಚೀಟಿಯಲ್ಲಿ ಎರಡೇ ಮಾತು ಇರುತ್ತಿದ್ದವು: "ನಲವತ್ತು ಮಾರು. ಮಾತು ಬೇಡ." ನಾವು ದಿನಕ್ಕೆ ನಲವತ್ತು ಮಾರು ಹೊಸೆದೆವು, ಮಾತೂ ಆಡಲಿಲ್ಲ. ನಾರು ಸಿಕ್ಕಾದರೂ ರಾಟೆ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಿಕ್ಕನ್ನು ಒಳಗೇ ಹೊಸೆದು ಮುಚ್ಚಿದರು. ಹತ್ತು ಕಲ್ಲು ಹೊರಬೇಕಾದ ಬಾವಿಹಗ್ಗ ನನ್ನ ತೊಲೆಯ ಕೆಳಗೆ ಏಳಕ್ಕೇ ಹರಿಯಿತು. ಎರಡನೆಯ ವರ್ಷದವರು ನಿರಾಳ. "ನಿಮಗೆ ಸರಿ ಕಂಡಂತೆ ಮಾಡಿ," ಎಂದು ಒಂದು ಚೀಟಿ ಬಂತು. ಮರುದಿನವೂ ಅದೇ. ಹದಿನೈದು ದಿನ ಹಬ್ಬದಂತೆ ಇತ್ತು. ಆಮೇಲೆ ಒಬ್ಬರು ನಾರನ್ನು ಒದ್ದೆಯಾಗಿ ಹೊಸೆದರು, ಒಬ್ಬರು ಒಣಗಿಸಿ ಹೊಸೆದರು. ಒಂದು ಹಗ್ಗ ಹದಿನಾಲ್ಕು ಕಲ್ಲು ಹೊತ್ತರೆ ಇನ್ನೊಂದು ನಾಲ್ಕಕ್ಕೇ ಹೋಯಿತು. "ಬಿರುಸಿನವರೇ ಚೊಲೋ ಇದ್ರು, ಬೈಯಾಕರ ಯಾರೋ ಇದ್ರು," ಎಂದು ಜನ ಗೊಣಗಿದರು. ಯಾರು ಹೆಚ್ಚು ಗೊಣಗುತ್ತಾರೋ ಅವರೇ ಈ ವರ್ಷದ ಮುಂದಾಳು, ಅನುಮಾನ ಬರದಿರಲೆಂದು ಗೊಣಗುತ್ತಿದ್ದಾರೆ ಎಂದು ನಾನು ಎಣಿಸಿದೆ. ಆಮೇಲೆ ನಾನೂ ಗೊಣಗುತ್ತಿದ್ದೇನೆಂಬುದು ನೆನಪಾಗಿ ಸುಮ್ಮನಾದೆ.

ಸಂಜೆ ಶಾಲೆಯ ಮೇಷ್ಟ್ರು ಆ ವರ್ಷ ಪ್ರಬಂಧಕ್ಕೆ ಕೊಟ್ಟ ವಿಷಯ ‘ಮುಂದಾಳಿನ ರೀತಿ, ಕೆಲಸದ ಫಲ’. ನನ್ನ ಕಲ್ಲುಗಳ ಅಂಕಿಗಳನ್ನೇ ಇಟ್ಟುಕೊಂಡು ಆರು ಪುಟ ಬರೆದೆ. ಮೇಷ್ಟ್ರು ಕೊನೆಯಲ್ಲಿ ಒಂದೇ ಸಾಲು ಬರೆದಿದ್ದರು: "ಮುಂದಾಳು ಹೀಗಿದ್ದುದರಿಂದ ನೀವು ಹಾಗಾದಿರೋ, ನೀವು ಹಾಗಿದ್ದುದರಿಂದ ಮುಂದಾಳು ಹೀಗಾದರೋ?" ಮೇಷ್ಟ್ರಿಗೆ ಏನೋ ಗೊತ್ತಿದೆ ಎನ್ನಿಸಿ ಎರಡು ವಾರ ಶಾಲೆಗೆ ಹೋಗಲಿಲ್ಲ.

ಮೂರನೆಯ ವರ್ಷದ ಮುಂದಾಳು ಹೊಗಳುವವರು. ಹೊಸ ನಾರು ಬಂದ ಮರುದಿನವೇ ಹಲಗೆಯ ಮೇಲೆ ಹೀಗೆ ಇತ್ತು: "ದ್ಯಾಮಣ್ಣನ ರಾಟೆ ಹಾಡಿದಂತೆ ತಿರುಗುತ್ತದೆ." ಇಪ್ಪತ್ತಮೂರೂ ಜನ ಹಲಗೆಯ ಮುಂದೆ ನಿಂತು ಓದಿದೆವು.

"ಹಾಡೂದಲ್ಲೋ, ಅದು ಅಳೂದು," ಎಂದು ಯಾರೋ ಹಿಂದಿನಿಂದ ಹೇಳಿದರು. "ಎಣ್ಣಿ ಹಾಕಿ ಒಂದು ತಿಂಗಳಾತು."

"ಅಳಲಿ, ಹಾಡಲಿ, ಚೀಟ್ಯಾಗ ಹೆಸರು ಬಂದದ್ದು ನಂದು," ಎಂದ ದ್ಯಾಮಣ್ಣ. "ನಿಮ್ಮ ಹೊಟ್ಟಿಗೂ ಒಂದೀಟು ಎಣ್ಣಿ ಹಚ್ಚಕೊಳ್ರಿ, ಉರಿ ಕಡಿಮಿ ಆಗ್ತೈತಿ."

ಎಲ್ಲರೂ ನಕ್ಕರು. ಆದರೆ ಆ ಮಧ್ಯಾಹ್ನ ಅವನ ಕಡೆಗೆ ಯಾರೂ ನೇರವಾಗಿ ನೋಡಲಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವಷ್ಟು ಧೈರ್ಯ ಅವನಿಗಿದೆಯೇ ಎಂದು ಎಲ್ಲರೂ ಯೋಚಿಸುತ್ತಿದ್ದೆವು. ಮರುದಿನ ಶಿವಪುತ್ರಪ್ಪನವರ ಹೆಸರು ಬಂತು, ಅದರ ಮರುದಿನ ಇನ್ನೊಬ್ಬರದು. ಹೆಸರು ಬಂದವರ ಮೇಲೆ ಅನುಮಾನ, ಬಾರದವರ ಮೇಲೆ ಇನ್ನೂ ಹೆಚ್ಚಿನ ಅನುಮಾನ. ಹಾಗಿದ್ದರೂ ಹೆಸರು ಬರಲಿ ಎಂಬ ಆಸೆ ಎಲ್ಲರಿಗೂ ಹತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ತಡವಾಗುವವರೇ ಇಲ್ಲವಾದರು. ರಾಟೆ ನಿಂತರೆ ಯಾಕೆ ನಿಂತಿತೆಂದು ಯಾರೂ ಹೇಳುತ್ತಿರಲಿಲ್ಲ, ಮೊದಲಿನಂತೆ ಹೆದರಿಕೆಯಿಂದಲ್ಲ, ಹೊಗಳಿಕೆ ತಪ್ಪೀತೆಂದು.

ಮಳೆಗಾಲದ ಹೊತ್ತಿಗೆ ನನ್ನ ಹೆಸರೂ ಬಂತು: "ಸಾವಂತ್ರಿಯ ಕಲ್ಲು ಸುಳ್ಳಾಡುವುದಿಲ್ಲ." ಮನೆಗೆ ಹೋಗಿ ಅತ್ತೆ. ಗಂಡ ಯಮನೂರಪ್ಪ ಚೀಲ ಹೊಲಿಯುತ್ತಿದ್ದವರು ಸೂಜಿ ಕೆಳಗಿಟ್ಟರು.

"ಬೈದಾಗೂ ಅಳ್ತಿ, ಹೊಗಳಿದಾಗೂ ಅಳ್ತಿ. ನಿನಗ ಯಾವ ಮುಂದಾಳ ಬೇಕವಾ?"

"ಸುಳ್ಳಾಡೂದಿಲ್ಲ ಅಂತ ಯಾಕ ಬರದ್ರು? ಸುಳ್ಳಾಡತೀನಿ ಅನ್ನೂ ಅನುಮಾನ ಇದ್ದವರಷ್ಟ ಹಂಗ ಬರೀತಾರ."

"ನಿನ್ನ ಜೋಡಿ ಮಾತಾಡೂಕಿಂತ ಈ ಚೀಲದ ಜೋಡಿ ಮಾತಾಡೂದು ಬೇಸಿ," ಎಂದು ಅವರು ಮತ್ತೆ ಸೂಜಿ ಹಿಡಿದರು.

ನನ್ನ ಭಯಕ್ಕೆ ಕಾರಣವಿತ್ತು. ಆ ವರ್ಷ ನನ್ನ ಅಂಕಿಗಳೆಲ್ಲ ಚೆನ್ನಾಗಿದ್ದವು. ಒಂದೂ ಹಗ್ಗ ಕಡಿಮೆ ಬಿದ್ದಿರಲಿಲ್ಲ. ಅದು ಹೇಗೆಂದರೆ, ಒಂದು ತುಂಡು ಬೇಗ ಹರಿದರೆ, "ತುಂಡೇ ಸರಿ ಇರಲಿಲ್ಲ" ಎಂದು ಪಕ್ಕದವರು ಇನ್ನೊಂದು ಕತ್ತರಿಸಿ ಕೊಡುತ್ತಿದ್ದರು. ಅದು ಹರಿಯದೆ ನಿಂತರೆ, ಅಂಕಿಗಳನ್ನೆಲ್ಲ ಬರೆದಿಡುವ ಗೋಡೆಗೆ ಅದನ್ನೇ ಬರೆಯುತ್ತಿದ್ದೆ. ಯಾರೂ ನನಗೆ ಹಾಗೆ ಮಾಡೆಂದು ಅಪ್ಪಣೆ ಕೊಟ್ಟಿರಲಿಲ್ಲ. ಬಿರುಸಿನ ವರ್ಷದಲ್ಲಿ ಏಳಾದರೆ ಏಳೆಂದೇ ಬರೆದ ನಾನು ಈಗ ಯಾಕೆ ಹೀಗಾದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನಗುನಗುತ್ತಾ ಇರುವವರ ನಡುವೆ ನಿಂತು ‘ಹರಿಯಿತು’ ಎನ್ನುವುದು ಅಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ.

ಅದೇ ವರ್ಷ ದೊಡ್ಡ ಹಗ್ಗದ ಸರದಿ. ನಾಲ್ಕು ಹುರಿ ಕೂಡಿಸಿ ಎರಡು ತಿಂಗಳು ಹೊಸೆದೆವು. ತೊಡೆಯಷ್ಟು ದಪ್ಪ, ಹೊಸ ನಾರಿನ ಜೇನು ಬಣ್ಣ. ಅಂಗಳದಲ್ಲಿ ಸುತ್ತಿಟ್ಟಾಗ ಶಾಲೆಯ ಮಕ್ಕಳು ಮುಟ್ಟಿ ನೋಡಲು ಬರುತ್ತಿದ್ದರು. ಸೋಮವಾರ ಅದರ ಒಂದು ಕೊನೆಯಿಂದ ಎರಡು ಮಾರಿನ ತುಂಡು ಕತ್ತರಿಸಿ ತೊಲೆಗೆ ಕಟ್ಟಿದೆ. ಮೂವತ್ತು ದೊಡ್ಡ ಕಲ್ಲು ಹೊರಬೇಕು. ಪಕ್ಕದಲ್ಲಿ ಶಿವಪುತ್ರಪ್ಪ ಒಬ್ಬರೇ ಇದ್ದರು. ಇಪ್ಪತ್ತಾರನೆಯ ಕಲ್ಲಿಗೆ ಹಗ್ಗದ ಒಳಗೆ ಎಲ್ಲಿಯೋ ಒಲೆಯ ಮೇಲೆ ನೀರು ಚೆಲ್ಲಿದಂಥ ಸದ್ದಾಯಿತು. ಒಂದು ಹುರಿ ಸೀಳಿತು, ಉಳಿದವು ಅದರ ಹಿಂದೆಯೇ ಹೋದವು.

ಶಿವಪುತ್ರಪ್ಪ ಬಾಗಿಲ ಕಡೆ ನೋಡಿದರು. "ತುದಿ ತುಂಡು ಯಾವತ್ತೂ ಹಂಗ, ತಂಗಿ. ತುದಿಗೆ ಕೈ ಬಿಗಿ ಸಿಗೂದಿಲ್ಲ. ಆ ಕಡೆ ತುದಿಯಿಂದ ಒಂದು ಕತ್ತರಸು."

"ಅದೂ ತುದೀನ ಅಲ್ರಿ?"

"ಕತ್ತರಸು ಅಂದೆ."

ಕತ್ತರಿಸಿದೆ. ಅದು ಮೂವತ್ತೊಂದು ಹೊತ್ತಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂವತ್ತೊಂದು ಎಂದು ಬರೆದೆ. ಹರಿದ ತುಂಡನ್ನು ಶಿವಪುತ್ರಪ್ಪ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಗೋಡೆಗೆ ಒಮ್ಮೆ ಏರಿದ ಅಂಕಿಯನ್ನು ಮುಂದಾಳಿನ ಅಪ್ಪಣೆ ಇಲ್ಲದೆ ಅಳಿಸುವಂತಿಲ್ಲ.

ಮಂಗಳವಾರದ ಚೀಟಿ ಹೀಗಿತ್ತು: "ಮೂವತ್ತೊಂದು! ಇಂಥ ಹಗ್ಗ ಹಿಂದೆಂದೂ ಆಗಿಲ್ಲ. ಮುಂದಿನ ಸೋಮವಾರ ಕಟ್ಟೋಣ. ಎಲ್ಲರಿಗೂ ಶಾಭಾಸ್." ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳೂ ತಟ್ಟಿದವು. ಆಮೇಲೆ ದ್ಯಾಮಣ್ಣ ನನ್ನ ಹತ್ತಿರ ಬಂದು, "ಅಕ್ಕಾ, ಸೋಮವಾರ ಹೊಸ ಸೀರಿ ಉಟಗೊಂಡು ಬಾ. ಊರ ಮಂದಿ ಎಲ್ಲ ನಿನ್ನನ್ನ ನೋಡ್ತಾರ," ಎಂದಾಗಲೇ ನನಗೆ ಕಟ್ಟುವ ದಿನದ ನಿಯಮ ನೆನಪಾದದ್ದು. ಹೊಸ ದೊಡ್ಡ ಹಗ್ಗದ ಮೇಲೆ ಮೊದಲ ಬುಟ್ಟಿಯಲ್ಲಿ ಕೂರಬೇಕಾದವರು ಅದನ್ನು ಪರೀಕ್ಷೆ ಮಾಡಿದವರು. ಎರಡನೆಯ ಬುಟ್ಟಿ ಶಾಲೆಯ ಮಕ್ಕಳದು.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಹೇಳಿದರೆ, ಸುಳ್ಳಾಡದ ಕಲ್ಲಿನವಳು ಇಡೀ ವರ್ಷ ಸುಳ್ಳು ಬರೆದಳೆಂದಾಗುತ್ತಿತ್ತು. ಆದರೂ ಒಂದು ದಾರಿ ಇದೆ ಎನ್ನಿಸಿ ಬುಧವಾರ ಶಿವಪುತ್ರಪ್ಪನವರನ್ನು ನಾರು ನೆನೆಹಾಕುವ ತೊಟ್ಟಿಯ ಹತ್ತಿರ ಹಿಡಿದೆ. ಕಂಡ ಇಬ್ಬರೂ ಕೂಡಿ ಹೇಳಿದರೆ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ ಎಂದು.

"ಅಣ್ಣಾರ, ಆ ಇಪ್ಪತ್ತಾರರ ಮಾತು..."

"ಯಾವ ಇಪ್ಪತ್ತಾರು?"

"ಮೊದಲನೇ ತುಂಡು."

"ನಾ ನೋಡಿದ್ದು ಒಂದ ತುಂಡು. ಮೂವತ್ತೊಂದು. ನೀನ ಬರದೀ, ಗ್ವಾಡಿ ಮ್ಯಾಲೆ ಐತಿ." ಅವರು ನೀರಿನಿಂದ ಕೈ ತೆಗೆದು ಒರೆಸಿಕೊಂಡರು. ಧ್ವನಿ ಗಟ್ಟಿಯಾಗಿತ್ತು. ಮೀಸೆ ಮಾತ್ರ ಅಂದು ಬಾಚಿರಲಿಲ್ಲ.

ಅವರೇ ಮುಂದಾಳು, ತಾವೇ ಹೊಗಳಿದ ಹಗ್ಗವನ್ನು ಕೆಳಗಿಳಿಸಲಾರರು ಎಂದು ಸಂಜೆಯವರೆಗೆ ನಂಬಿದ್ದೆ. ಸಂಜೆ ಇನ್ನೊಂದು ಹೊಳೆಯಿತು: ಅವರು ನನ್ನನ್ನೇ ಮುಂದಾಳೆಂದುಕೊಂಡು, ಪರೀಕ್ಷೆ ಮಾಡುತ್ತಿದ್ದೇನೆಂದು ಹೆದರಿರಬಹುದು. ಯಾವುದೆಂದು ತಿಳಿಯಲು ಕೇಳಬೇಕು, ಕೇಳುವಂತಿಲ್ಲ.

ಗುರುವಾರ ನನ್ನ ಸರದಿ ಬಂದಾಗ ಚೀಟಿಕೋಣೆಯ ಬಾಗಿಲು ಹಾಕಿ ಮರಳ ಗಡಿಯಾರ ತಿರುವಿದೆ. ತಗಡಿನ ಅಕ್ಷರ ಕೈಗೆತ್ತಿಕೊಂಡೆ. ಮುಂದಾಳಾಗಿ ಬರೆಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಮೊದಲು "ಹಗ್ಗ ಬಿಚ್ಚಿರಿ" ಎಂದಷ್ಟೇ ಒತ್ತಿದೆ. ಅದು ಬಿರುಸಿನ ವರ್ಷದ ಮಾತಿನಂತೆ ಕಂಡಿತು, ಈ ವರ್ಷದವರು ಹಾಗೆ ಬರೆಯುವುದಿಲ್ಲ, ಸಿಕ್ಕಿಬೀಳುತ್ತೇನೆ. ಅದನ್ನು ರವಿಕೆಯೊಳಗೆ ತುರುಕಿಕೊಂಡೆ. ಇನ್ನೊಂದರಲ್ಲಿ "ಬಿಚ್ಚುವುದು ನಿಮಗೆ ಸರಿ ಕಂಡರೆ" ಎಂದು ಶುರು ಮಾಡಿದೆ. ಯಾರಿಗೂ ಸರಿ ಕಾಣುವುದಿಲ್ಲವೆಂದು ನನಗೇ ಗೊತ್ತಿತ್ತು. ಮರಳು ಮುಕ್ಕಾಲು ಇಳಿದಾಗ ಕೊನೆಯದನ್ನು ಒತ್ತಿದೆ: "ಇಷ್ಟು ಚೆನ್ನಾದ ಹಗ್ಗ ಇನ್ನೂ ಚೆನ್ನಾಗಬಹುದು. ಬಿಚ್ಚಿ ಮತ್ತೆ ಹೊಸೆಯೋಣ. ಯಾರ ತಪ್ಪೂ ಅಲ್ಲ." ಆ ಕೊನೆಯ ಮಾತು ಹಗ್ಗಕ್ಕೆ ಬೇಕಿರಲಿಲ್ಲ, ನನಗಾಗಿ ಬರೆದುಕೊಂಡದ್ದು. ಮಡಚಿ ಪೆಟ್ಟಿಗೆಗೆ ಹಾಕಿದೆ. ಹೊರಗೆ ಬಂದಾಗ ಬೆರಳ ತುದಿ ಕಪ್ಪಾಗಿತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಎಣ್ಣೆಯ ಡಬ್ಬಿಯ ಹತ್ತಿರ ಹೋಗಿ ನಾರಿನ ಉಂಡೆಯಿಂದ ಉಜ್ಜಿದೆ. ಅಲ್ಲಿ ಉಜ್ಜಿ ಎಸೆದ ನಾರಿನ ಉಂಡೆಗಳು ಬೇರೆಯೂ ಬಿದ್ದಿದ್ದವು, ಕಪ್ಪಾಗಿಯೇ ಇದ್ದವು. ರಾಟೆಯ ಜಿಡ್ಡು ಇರಬೇಕೆಂದುಕೊಂಡೆ.

ಮನೆಗೆ ಹೋದ ಮೇಲೆಯೇ ನನಗೆ ಹೊಳೆದದ್ದು: ಮುಂದಾಳಿನ ಚೀಟಿಯೂ ಪೆಟ್ಟಿಗೆಯಲ್ಲಿ ಇರುತ್ತದಲ್ಲ! ನಾಳೆ ಬರೆದ ಚೀಟಿ ಎರಡು ಸಿಗುತ್ತವೆ. ಕಳ್ಳಚೀಟಿ ಒಂದಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಇಷ್ಟು ಸರಳವಾದ ಮಾತು ನನ್ನ ತಲೆಗೆ ಮೊದಲೇ ಹೋಗದ್ದಕ್ಕೆ ಸಂಜೆ ಶಾಲೆಯನ್ನು ದೂರುವುದು ತಪ್ಪಾಗುತ್ತದೆ. ಗಂಡನಿಗೆ, "ನಾ ಆಚೆ ಬದಿಗೆ ಹೋಗಬೇಕಾದ್ರ ನೀವೂ ಬರ್ತೀರೇನು?" ಎಂದು ಕೇಳಿದೆ. "ಹೊಸ ಹಗ್ಗದ ಮ್ಯಾಲೇನು? ನಾ ಎರಡನೇ ದಿನ ಬರ್ತೀನಿ," ಎಂದು ಅವರು ನಕ್ಕರು.

ಶುಕ್ರವಾರ ಹಲಗೆಯ ಮೇಲೆ ಇದ್ದದ್ದು ಒಂದೇ ಚೀಟಿ. ಅದು ನನ್ನದಲ್ಲ.

"ದೊಡ್ಡ ಹಗ್ಗ ಬಿಚ್ಚಿರಿ. ಮೂರನೆಯ ಹುರಿಯ ಒಳಗೆ ಹಳೆಯ ನಾರು ಇದೆ."

ಹೊಗಳಿಕೆ ಇಲ್ಲ, ಹೆಸರಿಲ್ಲ. ಇಪ್ಪತ್ತೆರಡು ಜನರ ಕಣ್ಣು ಹಲಗೆಯಿಂದ ಹೊರಳಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು. ಎಲ್ಲರೂ ಅನುಮಾನಪಟ್ಟವರಂತೆ ನೋಡುತ್ತಿದ್ದರು, ಅನುಮಾನಕ್ಕೆ ಸಿಕ್ಕವರಂತೆಯೂ ನೋಡುತ್ತಿದ್ದರು. ಮೊದಲು ಕದಲಿದವರು ಶಿವಪುತ್ರಪ್ಪ. ಸಿಂಬಿಯ ತುದಿ ಎತ್ತಿದರು. ಎರಡು ತಿಂಗಳು ಹೊಸೆದದ್ದನ್ನು ಬಿಚ್ಚಲು ಒಂದೂವರೆ ದಿನ ಹಿಡಿಯಿತು. ಶುಕ್ರವಾರ ಸಂಜೆಯೇ ಮೂರನೆಯ ಹುರಿಯನ್ನು ಹರವಿದಾಗ ಜೇನು ಬಣ್ಣದ ಹೊಸ ನಾರಿನ ಒಳಗೆ ಬೂದಿ ಬಣ್ಣದ ಹಳೆಯ ನಾರು ಒಂದು ಕೊನೆಯಿಂದ ಇಪ್ಪತ್ತು ಮಾರಿನ ಉದ್ದಕ್ಕೂ ಮಲಗಿತ್ತು. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಯಿತು. ಮೂರನೆಯ ಹುರಿ ಮೂರನೆಯ ರಾಟೆಯದು.

ದ್ಯಾಮಣ್ಣ ತಾನೇ ಮುಂದೆ ಬಂದು ನಿಂತ. "ನಂದ. ನಾರು ಸಾಲಲಿಲ್ಲ. ಕಡಿಮಿ ಬಿತ್ತು ಅಂತ ಹೇಳಿದ್ರ ಬಂಡಿ ಮತ್ತ ಬರೂ ತನಕ ನನ್ನ ರಾಟಿ ನಿಲ್ತಿತ್ತು. ಹಾಡೂ ರಾಟಿ ನಿಂತರ ಹೆಂಗ?"

"ಹಳೇ ನಾರು ಎಲ್ಲಿಂದ ತಂದೀ?" ಎಂದು ಯಾರೋ ಕೇಳಿದರು.

"ಹಿಂದಿನ ಕೊಠಡ್ಯಾಗ ಹಳೇ ಹಗ್ಗ ಬಿದ್ದಿತ್ತಲ್ಲ. ಊಟದ ಹೊತ್ತಿನಾಗ ತಂದೆ. ಯಾರೂ ಇರಲಿಲ್ಲ. ನಮ್ಮವ್ವನಾಣಿ, ಯಾರಿಗೂ ಹೇಳಿಲ್ಲ." ಆಮೇಲೆ ಅವನು ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. "ಯಾರ್ ನೋಡಿದ್ರಿ?"

ಹಾಗೆ ಕೇಳುವುದು ಮುಂದಾಳು ಯಾರೆಂದು ಕೇಳಿದಂತೆಯೇ ಎಂದು ಅವನಿಗೂ ನೆನಪಾಗಿ ಕೆಳಗೆ ನೋಡಿದ.

ಶನಿವಾರದ ಚೀಟಿಗಾಗಿ ಎಲ್ಲರೂ ಹೆದರಿ ಕಾದಿದ್ದೆವು. ಅದರಲ್ಲಿ ಹೀಗಿತ್ತು: "ಎಷ್ಟು ಚೆನ್ನಾಗಿ ಬಿಚ್ಚುತ್ತಿದ್ದೀರಿ! ಎಲ್ಲರಿಗೂ ಶಾಭಾಸ್." ಓದಿದ್ದೇ ದ್ಯಾಮಣ್ಣ ಫಕ್ಕನೆ ನಕ್ಕುಬಿಟ್ಟ. ಅವನ ಹಿಂದೆ ಎಲ್ಲರೂ. ಶಿವಪುತ್ರಪ್ಪ ಕಣ್ಣು ಒರೆಸಿಕೊಂಡು ನಕ್ಕರು. ಆ ವರ್ಷ ಮೊದಲ ಸಲ ನಾವು ಹಲಗೆಯ ಮುಂದೆ ನಿಂತು ಹೊಗಳಿಕೆಯನ್ನು ನಂಬದೆ ನಕ್ಕೆವು. ನಗುತ್ತಲೇ ನನಗೆ ಹೊಳೆದದ್ದು ಇಷ್ಟು: ಇದು ಹೊಗಳುವ ಮುಂದಾಳಿನ ಚೀಟಿ. ಹಾಗಾದರೆ ನಿನ್ನೆಯದು ಮುಂದಾಳಿನದಲ್ಲ. ನನ್ನ ಹಾಗೆ ಇನ್ನೊಬ್ಬರು ಬರೆದಿದ್ದಾರೆ.

ಕರೆವ್ವ ಅಂಗಳದ ಮೂಲೆಯಲ್ಲಿ ನಾರಿನ ಕಸ ಗುಡಿಸುತ್ತಿದ್ದಳು. ಮುಂದಾಳು ಯಾರೆಂದು ಕೇಳುವುದು ತಪ್ಪು. ಚೀಟಿ ಎಷ್ಟೆಂದು ಕೇಳುವುದು ತಪ್ಪೆಂದು ನಿಯಮದಲ್ಲಿ ಇಲ್ಲ. ಇದನ್ನು ಎರಡು ಸಲ ಮನಸ್ಸಿನಲ್ಲಿ ಓದಿ ನೋಡಿ ಅವಳ ಹತ್ತಿರ ಹೋದೆ.

"ಕರೆವ್ವಾ, ನಿನ್ನೆ ಪೆಟ್ಟಿಗ್ಯಾಗ ಬರದ ಚೀಟಿ ಎಷ್ಟಿದ್ದುವು?"

"ಎಣಸಾಕ ನನಗೇನು ಸಂಬಳ ಹೆಚ್ಚ ಕೊಡ್ತಾರನು?"

"ಒಂದಕ್ಕಿಂತ ಹೆಚ್ಚ ಇದ್ದುವೇನು, ಅಷ್ಟ ಹೇಳು."

"ಕೈ ಹಾಕ್ತೀನಿ. ಮಸಿ ಇದ್ದದ್ದು ಮೊದಲು ಯಾವುದು ಸಿಗ್ತೈತಿ ಅದನ್ನ ಅಂಟಸ್ತೀನಿ. ಉಳಿದದ್ದು ಬಿಚ್ಚಿ ನೋಡೂದಿಲ್ಲ, ಒಲಿಗೆ ಹಾಕ್ತೀನಿ. ಚಾ ಕಾಯ್ಬೇಕಲ್ಲ ನಿಮಗೆಲ್ಲಾ."

"ಯಾವಾಗಿಂದ ಹಂಗ?"

"ನಮ್ಮತ್ತಿ ಹಂಗ ಮಾಡ್ತಿದ್ಲು. ನಾನೂ ಹಂಗ." ಅವಳು ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕವಾ, ಮಾರಿ ಯಾಕ ಬಾಡೇತಿ? ಆ ಹಗ್ಗ ಬಿಚ್ಚಿದ್ದು ಚೊಲೋ ಆತಲ್ಲ?"

ಚೊಲೋ ಆಯಿತು. ಆದರೆ ಹಿಂದಿರುಗಿ ನೋಡಿದಾಗ ಅವಳು ಹಲಗೆಯ ಮುಂದೆ ನಿಂತಿದ್ದಳು, ಶಾಭಾಸ್ ಚೀಟಿಯ ಮುಂದೆ. ತುಟಿಗಳು ಅಲುಗುತ್ತಿದ್ದವು. ತಂಬಾಕು ಅಗಿಯುತ್ತಿದ್ದಳೋ, ಓದುತ್ತಿದ್ದಳೋ, ನಾನಿದ್ದ ದೂರದಿಂದ ತಿಳಿಯಲಿಲ್ಲ.

ಮತ್ತೆ ಹೊಸೆಯಲು ಐದು ವಾರ ಹಿಡಿಯಿತು. ನಾರಿನ ಬಂಡಿ ಬರುವ ತನಕ ಎಂಟು ದಿನ ನಾಲ್ಕೂ ರಾಟೆ ನಿಂತವು, ಯಾಕೆ ನಿಂತವೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಬಾಯಿಬಿಟ್ಟು ಹೇಳಿದರು. ಚೀಟಿಗಳು ದಿನವೂ ಹೊಗಳುತ್ತಲೇ ಇದ್ದವು. ನಾವು ಓದಿ, ನಕ್ಕು, "ಇವತ್ತ ಎರಡನೇ ರಾಟ್ಯಾಗ ಎಳಿ ಸಣ್ಣ ಬರಾಕತ್ತೈತಿ" ಎಂದು ನಮ್ಮ ನಮ್ಮಲ್ಲೇ ಹೇಳಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆವು. ಹೀಗೆ ಒಳ್ಳೆಯದಾದದ್ದೇ ನನ್ನ ಅನುಮಾನವನ್ನು ಹೆಚ್ಚಿಸಿತು. ಪೆಟ್ಟಿಗೆಯಲ್ಲಿ ದಿನವೂ ಎಷ್ಟು ಚೀಟಿ ಬೀಳುತ್ತವೋ ಯಾರು ಬಲ್ಲರು? ಬಿರುಸಿನ ವರ್ಷದಲ್ಲಿ ಬಿರುಸಾಗಿ ಬರೆದವರು ಎಷ್ಟು ಜನ? ಒಬ್ಬರು ಶುರುಮಾಡಿದ ರೀತಿಯನ್ನು ಉಳಿದವರು ಕಲಿತು, ಸಿಕ್ಕಿಬೀಳದಿರಲೆಂದು ಅದೇ ರೀತಿಯಲ್ಲಿ ಬರೆಯುತ್ತಾ ಹೋದರೆ? ನಾನೇ ಹಾಗೆ ತಾನೆ ಬರೆದದ್ದು?

ಹೊಸ ಹಗ್ಗದ ಪರೀಕ್ಷೆಯ ದಿನ ಎಲ್ಲರನ್ನೂ ಕರೆದೆ. ಎರಡು ಕೊನೆಯಿಂದ ಎರಡು ತುಂಡು ಕತ್ತರಿಸಿದೆ. ಒಂದು ಮೂವತ್ಮೂರು ಹೊತ್ತಿತು, ಇನ್ನೊಂದು ಮೂವತ್ನಾಲ್ಕು. ಎರಡನ್ನೂ ಗೋಡೆಗೆ ಬರೆದೆ. ಆಮೇಲೆ ಹಳೆಯ ಮೂವತ್ತೊಂದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದೆ: "ಬಿಚ್ಚಿದ ಹಗ್ಗ, ಮೊದಲ ತುಂಡು, ಇಪ್ಪತ್ತಾರು." ಅಳಿಸಬಾರದೆಂದು ನಿಯಮವಿದೆ, ಸೇರಿಸಬಾರದೆಂದು ಇಲ್ಲ.

ನನಗೆ ತಿರುಗಿ ನೋಡಲು ಆಗಲಿಲ್ಲ. ಯಾರೋ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಶಿವಪುತ್ರಪ್ಪ. ಇಪ್ಪತ್ತಾರರ ಕೆಳಗೆ, ಮಕ್ಕಳ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ, "ನೋಡಿದವರು ಶಿವಪುತ್ರಪ್ಪ" ಎಂದು ಬರೆದು, ಸೀಮೆಸುಣ್ಣವನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಅಣ್ಣಾರ, ಅವತ್ತು ಯಾಕ ಹಂಗಂದ್ರಿ?" ಎಂದು ಮೆಲ್ಲಗೆ ಕೇಳಿದೆ.

"ಆರು ತಿಂಗಳ ಹೊಗಳಿಸಿಕೊಳ್ಳೂದು ರೂಢಿ ಆಗಿತ್ತು, ತಂಗಿ," ಎಂದರು. "ಬಿಡಾಕ ಮನಸ್ಸಾಗಲಿಲ್ಲ."

ಬುಟ್ಟಿ ಏರಿದ ದಿನ ಹೊಸ ಸೀರೆ ಉಡಲಿಲ್ಲ; ದಿನದ ಸೀರೆಯನ್ನೇ ಉಟ್ಟಿದ್ದೆ. ಯಮನೂರಪ್ಪ ಬುಟ್ಟಿಯ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿ, "ಎರಡನೇ ದಿನ ಅಂದಿದ್ನಲ್ಲ, ಚಾಷ್ಟಿ ಮಾಡಿದ್ದೆ. ಎರಡನೇ ಬುಟ್ಟ್ಯಾಗ ಮಕ್ಕಳ ಜೋಡಿ ಬರ್ತೀನಿ," ಎಂದರು. ಗಾಲಿ ಕದಲಿತು. ಹಗ್ಗ ಒಂದು ಗೇಣು ಕೆಳಗಿಳಿದು ನಿಂತಿತು. ಹೊಸ ಹಗ್ಗ ಹಾಗೆ ಇಳಿಯಲೇಬೇಕೆಂದು ನನಗೆ ಗೊತ್ತು, ಆದರೂ ಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಕೊಳ್ಳದ ನಟ್ಟನಡುವೆ, ಎಳೆಯುವವರು ಕೈ ಬದಲಿಸಲೆಂದು ಬುಟ್ಟಿ ಸ್ವಲ್ಪ ಹೊತ್ತು ನಿಂತಿತು. ಕೆಳಗೆ ನೋಡಬಾರದೆಂದು ಹಿಂದೆ ನೋಡಿದೆ. ದಂಡೆಯ ಮೇಲೆ ಇಪ್ಪತ್ತೆರಡು ಜನ ಸಾಲಾಗಿ ನಿಂತು, ಆಚೆ ದಂಡೆಯ ಗಾಲಿಯನ್ನು ಸುತ್ತಿ ಬರುವ ಎಳೆಯುವ ಹಗ್ಗ ಹಿಡಿದಿದ್ದರು. ಈಗಲಾದರೂ ಒಬ್ಬರ ಮುಖದಲ್ಲಿ ಉಳಿದವರಿಗಿಂತ ಹೆಚ್ಚಿನ ಭಯ ಕಂಡೀತು, ಆ ಚೀಟಿ ಬರೆದವರು ಯಾರೆಂದು ಗೊತ್ತಾದೀತು ಎಂದು ಒಬ್ಬೊಬ್ಬರನ್ನೇ ದಿಟ್ಟಿಸಿದೆ. ಎಲ್ಲರ ಮುಖವೂ ಒಂದೇ ಹಾಗೆ ಬಿಗಿದಿತ್ತು. ದ್ಯಾಮಣ್ಣ ಬಾಯಿ ತೆರೆದುಕೊಂಡೇ ನಿಂತಿದ್ದ. ಶಿವಪುತ್ರಪ್ಪ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಬುಟ್ಟಿ ಮತ್ತೆ ಕದಲಿತು. ಆಚೆ ಬದಿಯ ಕಲ್ಲುಮೆಟ್ಟಿಲಿಗೆ ತಾಗಿದಾಗ, ಕಾಲೂರಿ ಇಳಿದು, ಕೈ ಎತ್ತಿ ತೋರಿಸಿದೆ. ಅವರ ಕೂಗು ನನ್ನನ್ನು ಮುಟ್ಟಲು ಒಂದು ಕ್ಷಣ ಹಿಡಿಯಿತು.

ಹಗ್ಗ ಬಿಚ್ಚಲು ಹೇಳಿದವರು ಯಾರು, ನನಗೆ ಗೊತ್ತಿಲ್ಲ. ಆ ವರ್ಷ ಕೆಂಪು ಗಂಟು ಯಾರ ಲಕೋಟೆಯಲ್ಲಿತ್ತು, ಅದೂ ಗೊತ್ತಿಲ್ಲ. ನನ್ನ ಚೀಟಿ ಒಲೆಗೆ ಹೋಯಿತೋ, ಯಾರಾದರೂ ಓದಿದರೋ, ಓದಿ ಸುಮ್ಮನಿದ್ದಾರೋ, ತಿಳಿಯದು. ನಾವು ಒಳ್ಳೆಯ ಹಗ್ಗ ಹೊಸೆದದ್ದು ಮುಂದಾಳು ಇದ್ದುದರಿಂದಲೋ, ಯಾರೂ ಅವರ ಮಾತು ಕೇಳದೆ ಇದ್ದುದರಿಂದಲೋ ಎಂದು ಯಾರಾದರೂ ಕೇಳಿದರೆ, ಹಗ್ಗ ಮೂವತ್ಮೂರು ಕಲ್ಲು ಹೊತ್ತಿತು ಎಂದಷ್ಟೇ ನಾನು ಹೇಳಬಲ್ಲೆ.